ಮುಂಬೈ ಗೋಡೆಯ ಮೇಲೆ ನಮ್ಮತ್ತೆ

ನಾನು ಮೊದಲ ಸಲ ಮುಂಬೈ ನೋಡಿದ್ದು ನನ್ನ ನೆಗೆಣ್ಣಿಯ ಜೊತೆ. ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಹೂವಿನ ಹಿಪ್ಪರಗಿಯ ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಅಡುಗೆಮನೆ, ಒಂದೇ ಒಲೆ, ರೊಟ್ಟಿ ಬೇಯಿಸಲು ಒಂದೇ ಹಂಚು. ಆದರೆ ಮುಂಬೈ ರೈಲು ಹತ್ತುವ ಹೊತ್ತಿಗೆ ನಾವಿಬ್ಬರೂ ಮಾತು ಬಿಟ್ಟು ಒಂದು ಮಳೆಗಾಲ ಕಳೆದು ಚಳಿಗಾಲ ಬಂದಿತ್ತು.

ನಮ್ಮ ಕಡೆ ಸೊಸೆಯಂದಿರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ತವರೂರೇ ಹೆಸರು. ಅವಳು ಮುದ್ದೇಬಿಹಾಳದಾಕಿ, ನಾನು ಸಿಂದಗಿಯಾಕಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮದುವೆಯಾಗಿ ಬಂದ ಮೊದಲ ವರ್ಷ ನನಗೆ ರೊಟ್ಟಿ ತೆಳ್ಳಗೆ ಬಡಿಯಲು ಕಲಿಸಿದವಳು ಅವಳೇ. ನನ್ನ ರೊಟ್ಟಿ ಹರಿದರೆ ಅತ್ತೆ ನೋಡುವ ಮೊದಲೇ ಎತ್ತಿ ತನ್ನ ತಾಟಿಗೆ ಹಾಕಿಕೊಂಡುಬಿಡುತ್ತಿದ್ದಳು.

ಅತ್ತೆ ಬಯ್ಯುವ ಹೆಂಗಸಲ್ಲ. ಅದೇ ಕಷ್ಟ. ಬಯ್ದರೆ ಒಂದು ಉತ್ತರವಾದರೂ ಕೊಡಬಹುದು. ಅವಳು ತುಟಿ ಬಿಗಿದು, ಗದ್ದವನ್ನು ಸ್ವಲ್ಪ ಒಳಗೆ ಎಳೆದು, ಎಡಗಣ್ಣನ್ನು ಒಂದಿಷ್ಟು ಸಣ್ಣ ಮಾಡಿ ನೋಡುತ್ತಿದ್ದಳು. ಹಾಲು ಉಕ್ಕಿದರೆ ಆ ನೋಟ. ಬಾಗಿಲು ಧಡ್ ಎಂದರೆ ಆ ನೋಟ. ಮಾವ ಬದುಕಿದ್ದಾಗ ಅವರೂ ಆ ನೋಟಕ್ಕೆ ಹೆದರಿ ಹೊಲಕ್ಕೆ ಬೇಗ ಹೋಗುತ್ತಿದ್ದರಂತೆ.

ನಮ್ಮ ಮಾತು ನಿಂತದ್ದು ನನ್ನ ತಮ್ಮನ ಮದುವೆಯಿಂದ. ಬೇಸಿಗೆಯಲ್ಲಿ ಸಿಂದಗಿಯಲ್ಲಿ ಮದುವೆ. ನಮ್ಮ ಮನೆಯವರೆಲ್ಲ ಬಂದಿದ್ದರು. ನನ್ನವ್ವ ಬೀಗರ ಕಡೆಯ ಹೆಂಗಸರಿಗೆಲ್ಲ ಸೀರೆ ಕೊಟ್ಟು ಆಯೇರಿ ಮಾಡಿದಳು. ಊರಿಗೆ ಮರಳುವಾಗ ಟೆಂಪೋದಲ್ಲಿ ಯಾರೋ ನನ್ನ ಕಿವಿಯಲ್ಲಿ ಹೇಳಿದರು: “ಮುದ್ದೇಬಿಹಾಳದಾಕಿ ಸೀರಿ ನೋಡಿ ಮಾರಿ ತಿರುವಿದಳು ನೋಡು. ಹಿಡಸಿಲ್ಲ ಆಕಿಗಿ.” ಆ ಸೀರೆ ಆರಿಸಲು ಅವ್ವ ಎಷ್ಟು ಅಂಗಡಿ ತಿರುಗಿದ್ದಳೆಂದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕುಳಿತು, ಯಾರಿಗೂ ಅಲ್ಲದಂತೆ, “ಎಲ್ಲಾರ ಸೀರಿ ಎಲ್ಲಾರಿಗೂ ಹೆಂಗ ಹಿಡಸ್ತಾವ ಬಿಡು,” ಎಂದೆ. ಅಕ್ಕ ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟು ಹೊರಗೆ ಹೋದಳು. ಅಷ್ಟೇ. ಜಗಳವೂ ಆಗಲಿಲ್ಲ.

ಒಂದೇ ಮನೆಯಲ್ಲಿ ಮಾತಾಡದೆ ಇರುವುದು ಸುಲಭವಲ್ಲ. ನಮ್ಮ ನಡುವಿನ ವ್ಯವಹಾರವೆಲ್ಲ ಹಿತ್ತಲಿನ ಎಮ್ಮೆಯ ಮೂಲಕ ನಡೆಯುತ್ತಿತ್ತು. “ಎಮ್ಮಿ, ನಿನಗ ಹಿಂಡಿ ಹಾಕ್ಯಾರೇನು?” ಎಂದು ಅವಳು ಜೋರಾಗಿ ಕೇಳುತ್ತಿದ್ದಳು. “ಹಾಕೇನಿ, ತಿಂದು ಸುಮ್ಮನ ನಿಂದ್ರು,” ಎಂದು ನಾನು ಎಮ್ಮೆಗೇ ಉತ್ತರ ಕೊಡುತ್ತಿದ್ದೆ. ಎಷ್ಟೋ ಸಲ ಕೇಳುವುದಕ್ಕೂ ಮನಸ್ಸಿಲ್ಲದೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಹಿಂಡಿ ಹಾಕಿಬಿಡುತ್ತಿದ್ದೆವು. ಆ ವರ್ಷ ನಮ್ಮ ಎಮ್ಮೆ ಬಲು ಚೆಂದ ಮೈತುಂಬಿಕೊಂಡಿತು.

ಚಳಿಗಾಲದಲ್ಲಿ ಮುಂಬೈಯಿಂದ ಸುದ್ದಿ ಬಂತು. ಅಲ್ಲಿರುವ ನಾದಿನಿ ಹೆಣ್ಣು ಹಡೆದಿದ್ದಳು. ತೊಟ್ಟಿಲಿಗೆ ತವರಿನವರು ಹೋಗಲೇಬೇಕು. ಗಂಡಸರಿಗೆ ತೊಗರಿ ರಾಶಿಯ ಕೆಲಸ, ಅತ್ತೆಗೆ ಮೊಣಕಾಲು ನೋವು.

“ಇಬ್ರೂ ಸೊಸ್ತೇರು ಹೋಗ್ರಿ,” ಎಂದಳು ಅತ್ತೆ.

“ಒಬ್ಬಾಕಿ ಹೋದ್ರ ಸಾಕಲ್ಲ ಎವ್ವಾ?” ಎಂದಳು ಅಕ್ಕ.

“ಒಬ್ಬಾಕಿ ಹೋದ್ರ ಇನ್ನೊಬ್ಬಾಕಿ ಯಾಕ ಬರಲಿಲ್ಲ ಅಂತ ಬೀಗರು ಕೇಳ್ತಾರ. ಅದಕ್ಕ ಯಾರು ಉತ್ತರ ಕೊಡಬೇಕು?” ಎಂದು ಅತ್ತೆ ನಮ್ಮಿಬ್ಬರನ್ನೂ ಆ ನೋಟದಿಂದ ನೋಡಿದಳು. ಮಾತು ಮುಗಿಯಿತು.

ಬಾಣಂತಿಗೆ ಅಂಟಿನ ಉಂಡೆ, ಕೂಸಿಗೆ ಕುಂಚಿಗೆ ಮತ್ತು ಕೌದಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಲ್ಲ ಕಟ್ಟಿಕೊಂಡು ವಿಜಯಪುರದಲ್ಲಿ ರೈಲು ಹತ್ತಿದೆವು. ಅಕ್ಕ ಕಿಟಕಿಯ ಒಂದು ತುದಿಗೆ, ನಾನು ಸೀಟಿನ ಇನ್ನೊಂದು ತುದಿಗೆ. ಇಂಡಿಯಲ್ಲಿ ಒಬ್ಬ ಹಿರಿಯ ಹೆಂಗಸು ಒಂದು ಚೀಲ ನಿಂಬೆಹಣ್ಣು ಹೊತ್ತು ಹತ್ತಿದಳು. ನಮ್ಮ ನಡುವೆ ಖಾಲಿ ಇದ್ದ ಜಾಗದಲ್ಲಿ ನಿರಾಳವಾಗಿ ಕುಳಿತು ಅಕ್ಕನ ಕಡೆ ತಿರುಗಿದಳು.

“ಎಲ್ಲಿಗಿ ಹೊಂಟೀಯವ್ವಾ?”

“ಮುಂಬೈಕ್ಕರಿ. ನಾದಿನಿ ಹಡದಾಳ, ತೊಟ್ಟಲಕ್ಕ ಹೊಂಟೇನಿ.”

ಆಮೇಲೆ ನನ್ನ ಕಡೆ. “ನೀ ಎಲ್ಲಿಗವ್ವಾ?”

“ಮುಂಬೈಕ್ಕರಿ. ನಾದಿನಿ ಹಡದಾಳ.”

“ಅಯ್ಯ ನಮ್ಮವ್ವಾ!” ಎಂದು ಆಕೆ ತೊಡೆ ಬಡಿದುಕೊಂಡಳು. “ಆಕಿ ನಾದಿನೀನೂ ಹಡದಾಳ, ನಿನ್ನ ನಾದಿನೀನೂ ಹಡದಾಳ! ಎಂಥಾ ಯೋಗ ಕೂಡಿ ಬಂದೈತಿ ನೋಡ್ರಿ. ಗುರ್ತ ಮಾಡ್ಕೋರೆವ್ವಾ, ಪರ ಊರಾಗ ಒಬ್ಬರಿಗೊಬ್ಬರು ಆಸರ ಆಗ್ತೀರಿ.”

ಅಕ್ಕನಿಗೆ ಜೋರಾಗಿ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು. ನಾನು ಹೊರಗಿನ ಕಬ್ಬಿನ ಹೊಲ ನೋಡುತ್ತ ತುಟಿ ಕಚ್ಚಿಕೊಂಡೆ. ಆ ತಾಯಿ ಸೊಲ್ಲಾಪುರ ಬರುವವರೆಗೂ ನಮ್ಮಿಬ್ಬರ ಪರಿಚಯ ಮಾಡಿಸುತ್ತಲೇ ಇದ್ದಳು. ನನಗೆ ಅಕ್ಕನ ಊರು ಹೇಳಿದಳು, ಅಕ್ಕನಿಗೆ ನನ್ನ ಊರು ಹೇಳಿದಳು, ಇಬ್ಬರಿಗೂ ಒಂದೊಂದು ಬೊಗಸೆ ನಿಂಬೆಹಣ್ಣು ಕೊಟ್ಟಳು. ನಮ್ಮಿಬ್ಬರಿಗೂ ಒಬ್ಬಳೇ ನಾದಿನಿ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ನಾದಿನಿಯ ಮನೆ ಬಂದರಿನ ಹತ್ತಿರದ ಒಂದು ಓಣಿಯ ಹಳೆಯ ಕಟ್ಟಡದಲ್ಲಿತ್ತು. ಆಕೆಯ ಗಂಡ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಎರಡೇ ಕೋಣೆಯಾದರೂ ಗಾಳಿ ಬೆಳಕಿದ್ದ ಮನೆ. ತೊಟ್ಟಿಲು ಚೆನ್ನಾಗಿ ನಡೆಯಿತು. ಅಕ್ಕ ಜೋಗುಳ ಹೇಳಿದಳು, ಅಕ್ಕಪಕ್ಕದ ಮರಾಠಿ ಹೆಂಗಸರು ಅರ್ಥವಾಗದಿದ್ದರೂ ತಲೆದೂಗಿದರು. ಇಲ್ಲಿ ಎಮ್ಮೆ ಇರಲಿಲ್ಲವಾದ್ದರಿಂದ ನಾವು ಕೂಸನ್ನು ಹಿಡಿದುಕೊಂಡೆವು.

“ಕೂಸ, ನಿಮ್ಮ ಸಣ್ಣತ್ತಿಗಿ ಹೇಳು, ನೀರು ಕಾದಾವಂತ.”

“ಕೂಸ, ನಿಮ್ಮ ದೊಡ್ಡತ್ತಿಗಿ ಹೇಳು, ಮೊದಲ ಎಣ್ಣಿ ಹಚ್ಚಲಿ ಅಂತ.”

ನಾದಿನಿ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಆಮೇಲೆ ಕೂಸನ್ನು ನಮ್ಮಿಂದ ಕಸಿದುಕೊಂಡು, “ಹುಟ್ಟಿ ಇನ್ನೂ ಕುತ್ತಿಗಿ ನಿಂತಿಲ್ಲ, ಆಗಲೇ ನನ್ನ ಮಗಳನ್ನ ಟಪಾಲಿನಾಕಿನ್ನ ಮಾಡೀರಿ!” ಎಂದಳು. ಅಕ್ಕನೂ ನಾನೂ ಬೇರೆ ಬೇರೆ ಗೋಡೆ ನೋಡಿದೆವು.

ಆ ಭಾನುವಾರ ಆಕೆಯ ಗಂಡ ನಮ್ಮನ್ನು ಊರು ತೋರಿಸಲು ಕರೆದುಕೊಂಡು ಹೊರಟ. ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಿಂದ ತಿರುಗಿ, “ಮುಂಬೈ ಅಂದ್ರ ನಡುಗಡ್ಡಿ ನೋಡ್ರಿ ವೈನಿ. ಸುತ್ತ ನೀರು, ನಡುವ ಊರು,” ಎಂದ.

ಅಕ್ಕ ನಂಬಲಿಲ್ಲ. “ಕೊಲ್ಹಾರದ ಕಡೆ ಹೊಳಿ ತುಂಬಿದಾಗ ನಡುಗಡ್ಡಿ ನೋಡೇನಿ. ನಾಕು ಗಿಡ, ಹತ್ತು ಕುರಿ ಇರ್ತಾವ. ಇಷ್ಟು ದೊಡ್ಡ ಊರು ನಡುಗಡ್ಡಿ ಮ್ಯಾಲ ಹೆಂಗ ಕುಂದ್ರತೈತಿ? ರೈಲು ಹೆಂಗ ಬಂತು ಹಂಗಾರ?”

“ಸಮುದ್ರದ ಖಾಡಿ ಮ್ಯಾಲ ಪೂಲ್ ಐತಿ, ಅದನ್ನ ದಾಟಿ ಬಂತ್ರಿ. ನೀವು ನಿದ್ದಿಯಾಗಿದ್ರಿ.”

“ನಾ ಎಚ್ಚರ ಇದ್ದೆ,” ಎಂದು ಅಕ್ಕ ಕಿಟಕಿಗೆ ಹೇಳಿದಳು.

ಬಸ್ಸಿಳಿಯುವಷ್ಟರಲ್ಲಿ ಅವನ ಫೋನು ಬಡಿಯಿತು. ದೂರ ಹೋಗಿ ಮಾತಾಡಿ ಬಂದ. ಕೆಲಸದ ಜಾಗದಲ್ಲಿ ಏನೋ ಅಡಚಣೆಯಂತೆ, ಸ್ವಲ್ಪ ಹೊತ್ತು ಹೋಗಿ ಬರಬೇಕಂತೆ. ಎದುರಿಗೆ ಒಂದು ದೊಡ್ಡ ತೋಟ, ಅದರ ನಡುವೆ ಗುಮ್ಮಟವಿದ್ದ ಕಲ್ಲಿನ ಕಟ್ಟಡ. “ಇದು ಮ್ಯೂಸಿಯಂ ಐತ್ರಿ. ಚಿತ್ರ, ಮೂರ್ತಿ ಎಲ್ಲಾ ಅದಾವು. ಒಳಗ ತಂಪ ಐತಿ, ಕೂಡಾಕ ಬಾಕ ಅದಾವು, ಬಾತ್‌ರೂಮ್ ಐತಿ. ನೋಡ್ಕೋತ ಇರ್ರಿ, ನಾ ಬರ್ತೇನಿ,” ಎಂದು ಟಿಕೆಟ್ ತೆಗೆಸಿ ಕೈಗಿತ್ತು ಹೋಗಿಬಿಟ್ಟ.

ಅಕ್ಕ ತಲೆಯೆತ್ತಿ ಗುಮ್ಮಟ ನೋಡಿದಳು. “ಗೋಲಗುಮ್ಮಟದ ಮರಿ ಇದ್ದಂಗ ಐತಿ,” ಎಂದಳು. ನನಗಲ್ಲ, ಗುಮ್ಮಟಕ್ಕೆ.

ಬಾಗಿಲಲ್ಲಿ ಚೀಲ ತೆರೆದು ನೋಡಿದರು. ಅಲ್ಲಿನವರು ಮರಾಠಿಯಲ್ಲಿ ಕೇಳಿದರು. ಅಕ್ಕನಿಗೆ ಮರಾಠಿ ಬಾರದು. ಸಿಂದಗಿಯಲ್ಲಿ ಬೆಳೆದ ನನಗೆ ಸೊಲ್ಲಾಪುರದ ನೆಂಟರಿಂದ ಒಂದಿಷ್ಟು ಬರುತ್ತದೆ. ಅಕ್ಕ ಕನ್ನಡದಲ್ಲೇ, “ರೊಟ್ಟಿ ಅದಾವ್ರಿ, ಶೇಂಗಾ ಚಟ್ನಿ ಐತಿ, ಬಾಂಬ್ ಇಲ್ಲ,” ಎಂದಳು. ನಾನು ಪಕ್ಕದಲ್ಲಿ ನಿಂತು, ಕೇಳದಿದ್ದರೂ, ಬಾಂಬಿನ ಮಾತು ಬಿಟ್ಟು ಉಳಿದದ್ದನ್ನು ಮರಾಠಿಗೆ ತಿರುಗಿಸಿದೆ. ಚೀಲ ಅಲ್ಲೇ ಇಡಬೇಕೆಂದರು. ಅಕ್ಕ ರೊಟ್ಟಿಯ ಗಂಟನ್ನು ಒಮ್ಮೆ ಮುಟ್ಟಿ ನೋಡಿ, ಹಸುಗೂಸನ್ನು ಬಿಟ್ಟು ಬರುವವಳಂತೆ ಒಳಗೆ ಬಂದಳು.

ಮೊದಲ ಕೋಣೆಯಲ್ಲಿ ಕಲ್ಲಿನ ಮೂರ್ತಿಗಳು. ಹೊಸ್ತಿಲಲ್ಲೇ ಅಕ್ಕ ಚಪ್ಪಲಿ ಬಿಟ್ಟಳು. ಕಾವಲಿನವನು ಓಡಿ ಬಂದು ಹಾಕಿಕೊಳ್ಳಿ ಎಂದ. ಅಕ್ಕ ಒಪ್ಪಲಿಲ್ಲ. “ಈಶ್ವರ ಅದಾನ, ಪಾರ್ವತಿ ಅದಾಳ, ಗಣಪ್ಪ ಅದಾನ. ಚಪ್ಪಲಿ ಹಾಕ್ಕೊಂಡು ಹೆಂಗ ನಿಂದ್ರಲಿ?” ಅವನಿಗೆ ಭಾಷೆ ತಿಳಿಯದಿದ್ದರೂ ಕೈ ಮುಗಿದದ್ದು ತಿಳಿಯಿತು. ನಕ್ಕು ಸುಮ್ಮನಾದ. ನಾನೂ ಚಪ್ಪಲಿ ಬಿಟ್ಟೆ. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು, ನುಣುಪು ನೆಲದ ಮೇಲೆ ಬರಿಗಾಲಲ್ಲಿ, ಒಬ್ಬರಿಂದೊಬ್ಬರು ನಾಲ್ಕು ಮಾರು ದೂರ ನಡೆದೆವು. ಅಕ್ಕ ಒಂದೊಂದು ದೇವರ ಮುಂದೆಯೂ ನಿಂತು ಕೈ ಮುಗಿದಳು. ಒಬ್ಬ ದೇವಿಯ ಹಣೆ ನೋಡಿ, “ಅಯ್ಯ, ಕುಂಕುಮ ಇಡೋರು ಯಾರೂ ಇಲ್ಲೇನ್ ನಿನಗ,” ಎಂದು ಮರುಗಿದಳು. ಯಾರೂ ನೋಡದಾಗ ತನ್ನ ಹಣೆಯ ಕುಂಕುಮಕ್ಕೆ ಬೆರಳು ಒಯ್ದಳು. ನಾನು ಗಂಟಲು ಸರಿಮಾಡಿಕೊಂಡೆ. ಕೈ ಕೆಳಗಿಳಿಸಿದಳು.

ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋದೆವು. ಅಲ್ಲಿ ಎಣ್ಣೆಬಣ್ಣದ ದೊಡ್ಡ ದೊಡ್ಡ ಚಿತ್ರಗಳು, ಚಿನ್ನದ ಬಣ್ಣದ ಕಟ್ಟು. ಪರದೇಶದ ದೊರೆಗಳು, ಕುದುರೆಗಳು, ಹಣ್ಣಿನ ಬುಟ್ಟಿಗಳು. ಅಕ್ಕ ಮುಂದೆ ಹೋಗುತ್ತಿದ್ದಳು, ನಾನು ಹಿಂದೆ. ಮೂಲೆಯ ಒಂದು ಚಿತ್ರದ ಮುಂದೆ ಅವಳು ಥಟ್ಟನೆ ನಿಂತಳು. ಎಷ್ಟು ಹೊತ್ತಾದರೂ ಕದಲಲಿಲ್ಲ. ಹಿಂದಿನಿಂದ ನೋಡಿದರೆ ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೇನೋ ಎಂದು ನಾನು ಗಾಬರಿಯಿಂದ ಹತ್ತಿರ ಹೋದೆ.

ಚಿತ್ರದಲ್ಲಿ ಒಬ್ಬ ಮುದುಕಿ. ಕಪ್ಪು ಉಡುಪು, ಕುತ್ತಿಗೆಯ ಸುತ್ತ ಗಂಜಿ ಹಾಕಿದ ಬಿಳಿಯ ಪಟ್ಟಿ, ತಲೆಗೆ ಬಿಳಿ ಟೊಪ್ಪಿಗೆ. ಯಾವ ದೇಶದವಳೋ, ಯಾವ ಕಾಲದವಳೋ. ತುಟಿ ಬಿಗಿದಿದ್ದಳು. ಗದ್ದ ಸ್ವಲ್ಪ ಒಳಗೆ. ಎಡಗಣ್ಣು ಒಂದಿಷ್ಟು ಸಣ್ಣ.

ಅಕ್ಕ ನನ್ನ ಕಡೆ ತಿರುಗಿದಳು. ಬೇಸಿಗೆಯಿಂದ ನನ್ನ ಮುಖ ನೋಡದಿದ್ದವಳು ನೇರ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಉಸಿರು ಹಿಡಿದು ಹೇಳಿದಳು: “ಸಿಂದಗಿಯಾಕಿ… ಅತ್ತಿ!”

“ಹೌದಕ್ಕ,” ಎಂದೆ.

“ಮುಂಬೈಕ್ಕ ನಮ್ಮಕಿಂತ ಮೊದಲ ಬಂದು ಕುಂತಾಳ!”

“ಹಾಲು ಉಕ್ಕಿದಾಗಿನ ನೋಟ ಅಕ್ಕ ಇದು.”

“ಅಲ್ಲ ಬಿಡು, ಹಾಲಿಂದಲ್ಲ. ರೊಟ್ಟಿ ದಪ್ಪಾದಾಗಿಂದು. ಚಂದಾಗಿ ನೋಡು, ಹುಬ್ಬು ನೋಡು.”

ಇಷ್ಟು ಸಾಕಾಯಿತು. ನಗು ಎಲ್ಲಿತ್ತೋ ಏನೋ, ಒಮ್ಮೆಲೇ ಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಅಕ್ಕ ಗೋಡೆಗೆ ಒರಗಬಾರದೆಂದು ನನಗೆ ಒರಗಿದಳು. ನಾನು ನನ್ನ ಕೈಯಲ್ಲಿದ್ದ ಚಪ್ಪಲಿ ಬೀಳಿಸಿದೆ. ಆ ದೊಡ್ಡ ಕೋಣೆಯಲ್ಲಿ ಅದು ಪಟಾಕಿಯಂತೆ ಸದ್ದು ಮಾಡಿತು. ಚಿತ್ರ ನೋಡುತ್ತಿದ್ದವರೆಲ್ಲ ತಿರುಗಿದರು. ಅದನ್ನು ನೋಡಿ ನಮಗೆ ಇನ್ನಷ್ಟು ನಗು.

ಕಾವಲಿನ ಹೆಂಗಸು ಬಂದಳು. ನಮ್ಮದೇ ವಯಸ್ಸಿನವಳು, ನೀಲಿ ಅಂಗಿ, ಕೊರಳಲ್ಲಿ ಕರಿಮಣಿ. “ಕಾಯ್ ಝಾಲಂ?” ಎಂದು, ಏನಾಯಿತೆಂದು ಕೇಳಿ ಗದರಿದಳು. ನಾನು ಕಣ್ಣೊರೆಸಿಕೊಳ್ಳುತ್ತ, ತಪ್ಪಾಯ್ತು ತಾಯಿ, ಈ ಚಿತ್ರದಾಕೆ ನಮ್ಮಿಬ್ಬರ ಅತ್ತೆಯ ಹಾಗಿದ್ದಾಳೆ ಎಂದು ಮರಾಠಿಯಲ್ಲಿ ಹೇಳಿದೆ. ಅವಳು ಚಿತ್ರ ನೋಡಿದಳು. ನಮ್ಮನ್ನು ನೋಡಿದಳು. ಮತ್ತೆ ಚಿತ್ರ ನೋಡಿದಳು. ಆಮೇಲೆ ಧ್ವನಿ ತಗ್ಗಿಸಿ ಒಂದು ಮಾತು ಹೇಳಿ, ತಾನೂ ಬಾಯಿಗೆ ಕೈ ಅಡ್ಡ ಹಿಡಿದಳು.

“ಏನಂದಳು? ಏನಂದಳು?” ಎಂದು ಅಕ್ಕ ನನ್ನ ತೋಳು ಜಗ್ಗಿದಳು.

“ದಿನಾ ಮನ್ಯಾಗ ಅತ್ತಿ ಕಣ್ಣು ತಪ್ಪಿಸಿ ಕೆಲಸಕ್ಕ ಬಂದ್ರ ಇಲ್ಲಿ ಇಕಿ ಕುಂತಿರ್ತಾಳಂತ. ಇಕಿ ನೋಡ್ತಾಳಂತ ಸ್ಟೂಲಿನ ಮ್ಯಾಲ ಕುಂದ್ರಾಕೂ ಮನಸ್ಸಾಗೂದಿಲ್ಲಂತ.”

ಅಕ್ಕ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಬಹಳ ಮಾತಾಡಿದರು.

ಅಲ್ಲಿಂದ ಮುಂದೆ ಆ ಮ್ಯೂಸಿಯಂ ನಮಗೆ ಹೂವಿನ ಹಿಪ್ಪರಗಿಯೇ ಆಗಿಹೋಯಿತು. ಗುಲಾಬಿ ಮೂಸುತ್ತ ನಿಂತ ನವಾಬನನ್ನು ಕಂಡು ಅಕ್ಕ, “ಇವ ನಮ್ಮ ಗಿರಣಿ ಕಾಕಾ. ಹಿಟ್ಟು ಮೂಸಿ ನೋಡಿದಂಗ ನೋಡಾಕತ್ತಾನ,” ಎಂದಳು. ಆನೆ, ಕುದುರೆ, ಕತ್ತಿ, ಬಿದ್ದವರು, ಓಡುವವರು ಇದ್ದ ಯುದ್ಧದ ಚಿತ್ರ ಕಂಡು ನಾನು, “ಪಂಚಾಯ್ತಿ ಇಲೆಕ್ಷನ್,” ಎಂದೆ. “ಹೌದು ನೋಡು, ಸೋತಾಂವ ಅಲ್ಲಿ ಗಿಡದ ಹಿಂದ ಅಡಗ್ಯಾನ.” ಒಂದು ಬಿಳಿಯ ಅಮೃತಶಿಲೆಯ ಹುಡುಗಿಯ ಕಾಲಬೆರಳು ಎಷ್ಟು ಚೆಂದವಿದ್ದವೆಂದರೆ, ಅಕ್ಕ ಬಗ್ಗಿ ನೋಡಿ, ತನ್ನ ಬರಿಗಾಲನ್ನು ಪಕ್ಕದಲ್ಲಿಟ್ಟು ಹೋಲಿಸಿ, “ಕಾಲುಂಗುರ ಒಂದು ಇದ್ದಿದ್ರ ನಮ್ಮ ಕಾಲೂ ಹಿಂಗ,” ಎಂದಳು. ಅವಳ ಕಾಲಿನಲ್ಲಿ ಕಾಲುಂಗುರವಿತ್ತು, ಆ ಹುಡುಗಿಗಿರಲಿಲ್ಲ. ಅದನ್ನೇ ಹೇಳಬೇಕೆಂದಿದ್ದಳೋ ಏನೋ, ನಗುವಿನಲ್ಲಿ ಮಾತು ತಿರುವುಮುರುವಾಗಿತ್ತು.

ಕೊನೆಯ ಕೋಣೆಯಲ್ಲಿ ಈ ಕಾಲದವರ ಚಿತ್ರಗಳಿದ್ದವು. ಒಂದು ಇಡೀ ಗೋಡೆಯಷ್ಟು ದೊಡ್ಡ ಬಟ್ಟೆ, ಬರೀ ಹಳದಿ ಬಣ್ಣ, ಒಂದು ಕಡೆ ಕಪ್ಪು ಗೆರೆ. ಮನುಷ್ಯರಿಲ್ಲ, ಮನೆಯಿಲ್ಲ, ಏನೂ ಇಲ್ಲ. ಇದರ ಅರ್ಥ ಹೇಳಬೇಕಾದೀತೆಂದು ನನಗೆ ಅಳುಕಾಯಿತು. ಬಿ.ಎ. ಓದಿದವಳು ನಾನು, ಆದರೆ ನನಗೂ ಏನೂ ತಿಳಿದಿರಲಿಲ್ಲ. ಅಕ್ಕ ಕೇಳಲೇ ಇಲ್ಲ. ಎರಡು ಹೆಜ್ಜೆ ಹಿಂದೆ ಬಂದು, ಕೈಕಟ್ಟಿ ನೋಡಿದಳು.

“ಇದು ಚಲೋ ಐತಿ,” ಎಂದಳು.

“ಯಾಕಕ್ಕ?”

“ಯಾಕಂತ ಕೇಳಬ್ಯಾಡ. ಎದಿ ಹಗರ ಆಗತೈತಿ ನೋಡಿದ್ರ.”

ಅದರ ಎದುರಿಗೆ ಒಂದು ಬಾಕ ಇತ್ತು. ಕುಳಿತೆವು. ನಕ್ಕು ನಕ್ಕು ಹೊಟ್ಟೆ ನೋಯುತ್ತಿತ್ತು. ಆ ಹಳದಿಯ ಮುಂದೆ ನನಗೆ ಧೈರ್ಯ ಬಂತು.

“ಅಕ್ಕ, ನಮ್ಮವ್ವ ಕೊಟ್ಟ ಸೀರಿ ನಿನಗ ಹಿಡಸಲಿಲ್ಲೇನು?”

“ಸೀರಿ?” ಅವಳು ನಿಜವಾಗಿ ಆಶ್ಚರ್ಯಪಟ್ಟಳು. “ಸೀರಿಗೇನಾಗೈತಿ? ಚಂದ ಐತಿ. ಇಟ್ಟೇನಿ ಪೆಟ್ಟಿಗ್ಯಾಗ.”

“ಮತ್ತ ಅವತ್ತು ಮಾರಿ ತಿರುವಿದಿ ಅಂದ್ರು.”

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ ಹೇಳತೊಡಗಿದಳು.

“ನಿಮ್ಮವ್ವ ಎಲ್ಲಾರಿಗೂ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಸಿಣ ಕೊಂಬು. ನಿನಗ ಗೊತ್ತೈತೆಲ್ಲ, ನಮ್ಮವ್ವ ನಾ ಸಣ್ಣಾಕಿದ್ದಾಗ ಹೋದಳು. ನನಗ ತವರಿನ ಉಡಿ ಅಂತ ತುಂಬಿದವರು ಯಾರದಾರ? ನಿಮ್ಮವ್ವ ತುಂಬತಾಳ ಅಂತ ನಾ ಸಾಲಿನ್ಯಾಗ ಕುಂತು ಖುಷಿ ಆಗಿದ್ದೆ. ನನ್ನ ಸರತಿ ಬಂತು. ನನ್ನ ಕೈಯಾಗ ಸೀರಿ ಇಟ್ಟಳು. ಅಷ್ಟರಾಗ ಯಾರೋ ಕೂಗಿ ಕರದ್ರು. ‘ಬಂದೆ ತಡಿ’ ಅಂತ ಎದ್ದು ಹೋದಳು. ನಾ ಸೆರಗ ಒಡ್ಡಿಕೊಂಡು ಕುಂತೇ ಕುಂತೆ. ಊಟಕ್ಕ ಏಳ್ರಿ ಅಂದ್ರು. ಕಣ್ಣಾಗ ನೀರು ಬಂತು, ಮಾರಿ ತಿರುವಿದೆ. ಸೀರಿ ನೋಡಿ ಅಲ್ಲ.”

ನಾನು ಅವಳ ಕೈ ಹಿಡಿದುಕೊಂಡೆ. ಎದ್ದು ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋಗಿ ಅವ್ವನಿಗೆ ಫೋನು ಹಚ್ಚಿದೆ.

“ಬ್ಯಾಡ, ಬ್ಯಾಡ, ಇಡು ಫೋನು,” ಎಂದು ಅಕ್ಕ ಕಸಿಯಲು ಬಂದಳು. ಅವ್ವ ಎತ್ತಿಯಾಗಿತ್ತು. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಆಮೇಲೆ ಅವ್ವ ಕೂಗಿದ ರೀತಿಗೆ ಫೋನು ಬೇಕಿರಲಿಲ್ಲ, ಸಿಂದಗಿಯಿಂದ ನೇರವಾಗಿಯೇ ಕೇಳುತ್ತಿತ್ತು.

“ಅಯ್ಯ ನನ್ನ ಮಗಳ! ಹೌದು, ಹೌದು! ಅಡಗಿಯಾಂವ ಕರದ, ಎಣ್ಣಿ ತೀರಿತು ಅಂತ. ಹೋದಾಕಿ ಹೋದೆ, ಮರತಬಿಟ್ಟೆ! ಎಲ್ಲಿದೀರಿ ಈಗ? ಮುಂಬೈಯಾಗ? ಬರೂವಾಗ ಇಂಡಿಗೆ ಇಳೀರಿ, ಅಲ್ಲಿಂದ ಸಿಂದಗಿ ಬಸ್ಸು ಹತ್ತರಿ. ಸೀದಾ ನಿಮ್ಮೂರಿಗಿ ಹೋದ್ರ ನನ್ನ ಆಣಿ ಐತಿ ನೋಡ್ರಿ!”

“ಇರಲಿ ಬಿಡ್ರಿ ಎವ್ವಾ, ಅದೇನು ದೊಡ್ಡ ಮಾತಲ್ಲ,” ಎಂದಳು ಅಕ್ಕ.

“ನೀ ಸುಮ್ಮನಿರು! ನನಗ ರೀ ಅಂತೀಯೇನು? ನಾ ನಿನಗ ಯಾರು?”

ಅಕ್ಕ ಕಂಬಕ್ಕೆ ಒರಗಿ ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೆ ಮಾಡಿದಳು. ಪಡಸಾಲೆಯಲ್ಲಿದ್ದ ಪಾರಿವಾಳಗಳು ಹಾರಿ ಮತ್ತೆ ಬಂದು ಕುಳಿತವು.

ನಾದಿನಿಯ ಗಂಡ ಇನ್ನೂ ಬಂದಿರಲಿಲ್ಲ. ನಮಗೆ ಹಸಿವು. ಕಾವಲಿನ ಹೆಂಗಸನ್ನು ಹುಡುಕಿ, ಸಮುದ್ರ ಎಷ್ಟು ದೂರ ಎಂದು ಕೇಳಿದೆ. ಹತ್ತಿರವೇ, ನಡೆದೇ ಹೋಗಬಹುದು ಎಂದು ಬಾಗಿಲವರೆಗೆ ಬಂದು ದಾರಿ ತೋರಿಸಿದಳು. ಚೀಲ ಬಿಡಿಸಿಕೊಂಡ ಕೂಡಲೇ ಅಕ್ಕ ಅವಳ ಕೈಗೆ ಎರಡು ಸಜ್ಜೆ ರೊಟ್ಟಿ, ಒಂದು ಶೇಂಗಾ ಹೋಳಿಗೆ ಹಾಕಿದಳು. “ಆ ಮುದುಕಿ ಮುಂದ ತಿನ್ನಬ್ಯಾಡ, ಹೊರಗ ತಿನ್ನು ಅಂತ ಹೇಳು,” ಎಂದು ನನಗೆ ಹೇಳಿದಳು. ನಾನು ಹೇಳಿದೆ. ಮೂವರೂ ನಕ್ಕೆವು.

ಸಮುದ್ರದ ದಂಡೆಯ ಕಲ್ಲುಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತೆವು. ಕೃಷ್ಣೆಯ ಹಿನ್ನೀರು ನೋಡಿದ ಕಣ್ಣಿಗೂ ಆ ನೀರು ಬೇರೆಯೇ ಇತ್ತು. ಆಚೆ ದಂಡೆ ಎಂಬುದೇ ಇರಲಿಲ್ಲ. ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿಕೊಂಡು, ಗಾಳಿಗೆ ಪುಡಿ ಹಾರದಂತೆ ಸೆರಗು ಅಡ್ಡ ಹಿಡಿದು ತಿಂದೆವು. ಅಕ್ಕ ಬೇಸಿಗೆಯಿಂದ ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ಹೇಳಿದಳು: ಅವಳ ಮಗಳು ತರಗತಿಗೇ ಮೊದಲು ಬಂದದ್ದು, ಗೊಳಸಂಗಿಯ ದೊಡ್ಡಮ್ಮನ ಸೊಸೆಯ ಸುದ್ದಿ, ಗಣೇಶ ಹಬ್ಬದ ಕಡುಬು ನಾನು ಮಾಡಿದ್ದು ಚೆನ್ನಾಗಿತ್ತೆಂದು ಅನ್ನಿಸಿಯೂ ಹೇಳದೆ ನುಂಗಿದ್ದು.

ಅಷ್ಟರಲ್ಲಿ ನಾದಿನಿಯ ಗಂಡ ಓಡುತ್ತ ಬಂದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. “ವೈನಿ! ಇಡೀ ಮ್ಯೂಸಿಯಂ ಹುಡುಕಿದೆ! ನೀವು ಹಿಂಗ ಹೇಳದ ಕೇಳದ…” ಎಂದವನು, ಅಕ್ಕ ನನ್ನ ಬಾಯಿಗೆ ರೊಟ್ಟಿಯ ತುಣುಕು ಇಡುವುದನ್ನು ಕಂಡು ಅರ್ಧಕ್ಕೆ ನಿಂತ. ಜೇಬಿನಿಂದ ಫೋನು ತೆಗೆದು ಹೆಂಡತಿಗೆ ಹಚ್ಚಿದ.

“ಏ, ಕೇಳಿಲ್ಲಿ. ಮಾತಾಡಾಕತ್ತಾರ!”

ನಾವು ಅವನನ್ನೇ ನೋಡಿದೆವು. ಅವನ ಮುಖ ಕೆಂಪಾಯಿತು.

“ಕೆಲಸದ ಫೋನು ಅಲ್ಲೇನು ಅದು?” ಎಂದಳು ಅಕ್ಕ.

“ಅಲ್ರಿ ವೈನಿ. ನಿಮ್ಮ ನಾದಿನೀದು. ಎಲ್ಲಿಯಾದ್ರೂ ಇಬ್ಬರನ್ನೇ ಬಿಟ್ಟು ಬಾ ಅಂದಳು. ಬ್ಯಾರೆ ಕಡೆ ಬಿಟ್ರ ದಾರಿ ತಪ್ಪತೀರಿ ಅಂತ ಮ್ಯೂಸಿಯಂದಾಗ ಬಿಟ್ಟೆ. ನಾ ಎದುರಿನ ಹೋಟೆಲ್‌ನಾಗ ಚಹಾ ಕುಡಕೋತ ಕುಂತಿದ್ದೆ.”

“ಹಂಗಾರ ದಂಡ ಕೊಡು,” ಎಂದಳು ಅಕ್ಕ. “ಇದು ನಡುಗಡ್ಡಿ ಹೌದೋ ಅಲ್ಲೋ ನನಗ ನೋಡಬೇಕಾಗೈತಿ. ಹಡಗಿನ್ಯಾಗ ಕೂಡಿಸು.”

ಅವನು ಮರುಮಾತಿಲ್ಲದೆ ಲಾಂಚಿನ ಟಿಕೆಟ್ ತಂದ. ಮೇಲಿನ ಅಂತಸ್ತಿನಲ್ಲಿ, ಎದುರುಗಾಳಿಯಲ್ಲಿ ಕುಳಿತೆವು. ದಂಡೆ ಹಿಂದೆ ಸರಿಯಿತು, ಮನೆಗಳು ಸಣ್ಣವಾದವು, ನೀರು ದೊಡ್ಡದಾಯಿತು. ಅಕ್ಕನ ಸೆರಗು ತಲೆಯಿಂದ ಜಾರಿ ಬಾವುಟದಂತೆ ಹಾರುತ್ತಿತ್ತು. ಅದನ್ನು ಹಿಡಿದುಕೊಳ್ಳುವ ಗೋಜಿಗೇ ಅವಳು ಹೋಗಲಿಲ್ಲ. “ಹೌದವ್ವ, ನೀರೇ ನೀರು! ಒಪ್ಪಿದೆ!” ಎಂದು ಕೂಗಿದಳು. ಪಕ್ಕದಲ್ಲಿ ಕುಳಿತ ಗುಜರಾತಿ ಕುಟುಂಬದವರು ಏನಾಯಿತೆಂದು ತಿಳಿಯದೆ ಚಪ್ಪಾಳೆ ತಟ್ಟಿದರು.

ಮರಳುವಾಗ ಅವ್ವನ ಮಾತಿನಂತೆ ಇಂಡಿಯಲ್ಲಿ ಇಳಿದು ಸಿಂದಗಿಗೆ ಹೋದೆವು. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಕಡೆ ನೋಡಲೂ ಇಲ್ಲ. ಅಕ್ಕನನ್ನು ಮಣೆಯ ಮೇಲೆ ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ಬೊಗಸೆ ಬೊಗಸೆ ಅಕ್ಕಿ ಸುರಿದು, ಕೊಬ್ಬರಿ ಬಟ್ಟಲು, ಉತ್ತತ್ತಿ, ಬಾಳೆಹಣ್ಣು, ಒಂದು ಇಳಕಲ್ಲ ಖಣ, ಎಲ್ಲ ಇಟ್ಟು ಉಡಿ ತುಂಬಿದಳು. ಸೆರಗು ಭಾರಕ್ಕೆ ಜಗ್ಗುತ್ತಿತ್ತು. “ಸಾಕು ಎವ್ವಾ, ಏಳಾಕ ಆಗೂದಿಲ್ಲ,” ಎಂದರೂ ಕೇಳಲಿಲ್ಲ. ಕೊನೆಗೆ ನಾನೂ ನನ್ನ ತಮ್ಮನ ಹೆಂಡತಿಯೂ ಎರಡು ಕಡೆ ಹಿಡಿದು ಅವಳನ್ನು ಎಬ್ಬಿಸಬೇಕಾಯಿತು.

ಹಿಪ್ಪರಗಿಗೆ ಬಂದು ಮುಟ್ಟಿದಾಗ ನಾವಿಬ್ಬರೂ ಓಣಿಯ ತಿರುವಿನಿಂದಲೇ ಮಾತಾಡುತ್ತ ಬಂದೆವು. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಳು. ಅಕ್ಕ ಅತ್ತೆಯ ಮುಖ ನೋಡಿದಳು, ನಾನು ನೋಡಿದೆ, ಇಬ್ಬರೂ ಚೀಲ ಹೊತ್ತುಕೊಂಡೇ ಓಡಿ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡೆವು. ಒಂದು ವಾರ ಅತ್ತೆ ತಡೆದಳು. ಆಮೇಲೆ ನನ್ನ ಗಂಡನ ಮುಂದೆ, “ಇವರು ಮಾತು ಬಿಟ್ಟಾಗ ಮನಿ ಎಷ್ಟು ತಣ್ಣಗಿತ್ತೋ. ಏನೋ ಕಿಸಿಕಿಸಿ, ಏನೋ ಗುಸುಗುಸು. ಮುಂಬೈಯಾಗ ಏನು ತಿನಿಸ್ಯಾರ ಇವರಿಗಿ?” ಎಂದಳಂತೆ.

ಈಗ ನನ್ನ ಅವ್ವನ ಫೋನು ನನಗೆ ಬರುವುದಿಲ್ಲ, ಅಕ್ಕನಿಗೆ ಬರುತ್ತದೆ. ಸಿಂದಗಿಯಲ್ಲಿ ಮಳೆಯಾಯಿತೇ, ಆಕಳು ಈಯಿತೇ, ಅಪ್ಪ ಕನ್ನಡಕ ಎಲ್ಲಿ ಮರೆತ, ನನ್ನ ತವರಿನ ಸುದ್ದಿಯನ್ನೆಲ್ಲ ಅಕ್ಕ ರೊಟ್ಟಿ ಬಡಿಯುತ್ತ ನನಗೆ ಹೇಳುತ್ತಾಳೆ. ತಮ್ಮನ ಹೆಂಡತಿ ಬಸುರಾದ ಸುದ್ದಿಯೂ ಅವಳ ಬಾಯಿಂದಲೇ ತಿಳಿಯಿತು. ಮೊನ್ನೆ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಇಬ್ಬರೂ ಕೂಡಿ ಹೋಗೋಣವೆಂದರೆ, “ನೀ ಆಮ್ಯಾಲ ಬಾ. ಎವ್ವಗ ಒಬ್ಬಾಕಿಗೇ ಆಗೂದಿಲ್ಲ, ಬಾಳ ಕೆಲಸ ಅದಾವು,” ಎಂದು ನನಗಿಂತ ಎರಡು ದಿನ ಮೊದಲೇ ಬಸ್ಸು ಹತ್ತಿ ಹೋದಳು.